ಬಣ್ಣದ ತೊಟ್ಟಿಗೆ ಅಕ್ಕನ ಕಾವಲು

ಸಂಜೆ ಕಾಲೇಜಿನಲ್ಲಿ ಅರೆಬರೆ ಕಲಿತವನು ನಾನು. ನನ್ನ ಕೆಲಸದ ಕಥೆ ಹೇಳಹೊರಟಿರುವುದು ಅಧಿಕಪ್ರಸಂಗವೆನಿಸಿದರೆ ಕ್ಷಮಿಸಿ. ಬಲ್ಲವರಿಗೆ ತಪ್ಪುಗಳೂ ಕಂಡಾವು. ಆದರೆ ಇದರಲ್ಲಿ ಅಕ್ಕ ಇದ್ದಾಳೆ, ಹೇಳದೆ ಇರಲಾರೆ.

ಅಕ್ಕ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಬಣ್ಣದ ತೊಟ್ಟಿಯ ಬಿಸಿ ಅಳೆಯುವ ಪೆಟ್ಟಿಗೆಯೊಂದು ಅಲ್ಲಿನ ಗೋಡೆಯ ಮೇಲಿದೆ. ಅದರ ಅಂಕಿಗಳನ್ನು ಆಫೀಸಿನ ಕಂಪ್ಯೂಟರಿಗೆ ತರುವ ಪ್ರೋಗ್ರಾಂ ಬರೆಯಲು "ನನ್ನ ತಮ್ಮನೇ ಸಾಕು" ಎಂದು ಕಾರ್ಖಾನೆಯ ಯಜಮಾನರಿಗೆ ಮಾತು ಕೊಟ್ಟವಳು ಅವಳೇ. ಬರೆದೆ. ಪರದೆಯ ಮೇಲೆ ಬಂದದ್ದು ಒಂದೇ ಸಾಲು: "ಸಾಧನ ಉತ್ತರಿಸುತ್ತಿಲ್ಲ."

ಯಜಮಾನರು ಖಡಾಖಂಡಿತವಾಗಿ ಹೇಳಿದರು: "ಇವತ್ತು ಸಂಜೆಯೊಳಗೆ ಅಂಕಿ ಬರ್ಲಿಲ್ಲ ಅಂದ್ರೆ ಬೇರೆಯವ್ರನ್ನ ಕರೀತೀನಿ. ಇನ್ಮೇಲೆ ಯಂತ್ರದ ವಿಷಯದಲ್ಲಿ ನಿಮ್ಮಕ್ಕನ ಮಾತು ಕೇಳಲ್ಲ."

ನನ್ನ ಮರ್ಯಾದೆ ಹೋದರೆ ಹೋಗಲಿ. ಅಕ್ಕನ ಮಾತಿಗೆ ಅಲ್ಲಿ ಬೆಲೆ ಬಂದದ್ದೇ ಈಚೆಗೆ.

ಕೇಬಲ್ ಬದಲಿಸಿದೆ. ಸಾಕೆಟ್ ತೆರೆಯುವ ಸಾಲುಗಳನ್ನು ಮತ್ತೆ ಬರೆದೆ. ಸಾಕೆಟ್ ಎಂದರೆ ಒಂದು ಯಂತ್ರ ಇನ್ನೊಂದರ ಜೊತೆ ಮಾತಾಡಲು ತೆರೆಯುವ ಬಾಗಿಲು. ಆ ಪೆಟ್ಟಿಗೆಯೋ, ತಟ್ಟಿದರೂ ತೆರೆಯದು.

ಅಕ್ಕ ಊಟದ ಡಬ್ಬಿ ತಂದಿಟ್ಟಳು. "ತಿನ್ನೋ ಮೊದ್ಲು. ಹಸ್ಕೊಂಡು ಕೂತ್ರೆ ಆ ಪೆಟ್ಟಿಗೆ ಅಯ್ಯೋ ಪಾಪ ಅನ್ನತ್ತಾ?"

"ನಿನ್ ಹೆಸ್ರು ಕೆಡತ್ತಲ್ಲಕ್ಕಾ."

"ಅದು ನೀನು ಹುಟ್ಟಿದ ದಿನಾನೇ ಕೆಡ್ತು ಬಿಡು."

ಊಟದ ನಂತರ ಬುದ್ಧಿ ಬಂತು. ಎಲ್ಲ ಬಗೆಯ ದೋಷಕ್ಕೂ ನನ್ನ ಪ್ರೋಗ್ರಾಂ ಅದೊಂದೇ ಸಾಲನ್ನು ತೋರಿಸುತ್ತಿತ್ತು. ಅದನ್ನು ತೆಗೆದು ನಿಜವಾದ ಕಾರಣ ತೋರಿಸುವಂತೆ ಮಾಡಿದೆ. ಪೆಟ್ಟಿಗೆ ಸುಮ್ಮನಿರಲಿಲ್ಲ, ನನ್ನನ್ನು ನಿರಾಕರಿಸುತ್ತಿತ್ತು. ಕೈಪಿಡಿ ತೆರೆದೆ. ಅದು ಒಂದು ಸಲಕ್ಕೆ ಒಂದೇ ಕಂಪ್ಯೂಟರಿನ ಜೊತೆ ಮಾತಾಡುತ್ತದಂತೆ. ಹಾಗಾದರೆ ಈಗ ಯಾರ ಜೊತೆ?

ಅಕ್ಕನ ಕೋಣೆಗೆ ಹೋದೆ. ಪೆಟ್ಟಿಗೆ ಸರಿಯಿದೆಯೇ ಎಂದು ನೋಡಲು ನಾನೇ ಹಿಂದೆ ಕೊಟ್ಟಿದ್ದ ಪುಟ್ಟ ಪ್ರೋಗ್ರಾಂ ಅವಳ ಪರದೆಯಲ್ಲಿ ಓಡುತ್ತಿತ್ತು. ತೊಟ್ಟಿಯ ಬಿಸಿ ಸಾಲುಸಾಲಾಗಿ ಬರುತ್ತಿತ್ತು.

"ಇದನ್ನ ಯಾಕೆ ತೆರೆದಿದೀಯ?"

"ಬೆಳಗ್ಗೆ ಬಂದ ಕೂಡ್ಲೆ ತೆರೀತೀನಪ್ಪ. ನೀನು ಒದ್ದಾಡ್ತಿದೀಯಲ್ಲ, ಪೆಟ್ಟಿಗೆಗೇನೂ ಆಗ್ದೆ ಇರ್ಲಿ ಅಂತ ನೋಡ್ಕೋತಿದ್ದೆ."

"ಅಂಕಿ ಬರ್ತಿದೆ ಅಂತ ಹೇಳೋದಲ್ವಾ!"

ಅವಳ ದನಿ ಇಳಿಯಿತು. "ನಿನಗೆ ಬರ್ದೆ ಇರೋದು ನಂಗೆ ಬರ್ತಿದೆ ಅಂದ್ರೆ ನೀನು ನೊಂದ್ಕೋತೀಯ ಅಂತ..."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳೇ ಆ ಪುಟ್ಟ ಪ್ರೋಗ್ರಾಂ ಮುಚ್ಚಿದಳು. ನನ್ನ ಪರದೆಯ ಮೇಲೆ ಅಂಕಿಗಳು ಬಂದವು.

ಯಜಮಾನರು ಬಂದು ಏನಾಗಿತ್ತೆಂದು ಕೇಳಿದರು. ನಾನು ತಡವರಿಸುವಷ್ಟರಲ್ಲಿ ಅಕ್ಕನೇ ಅಂದಳು: "ನಂದೇ ತಪ್ಪು ಸಾರ್. ಪೆಟ್ಟಿಗೆ ಜೊತೆ ನಾನೇ ಹರಟ್ತಾ ಕೂತಿದ್ದೆ, ಇವನಿಗೆ ಸರದಿ ಬಿಡ್ಲಿಲ್ಲ."

ಅವರು ಪರದೆಯನ್ನೂ ಅವಳನ್ನೂ ನೋಡಿದರು. "ತಮ್ಮನ ವಿಷಯದಲ್ಲಿ ನೀವು ಹೇಳಿದ್ದು ಸರೀನೇ. ಪಕ್ಕದ ತೊಟ್ಟಿಗೂ ಇವನೇ ಮಾಡ್ಲಿ. ನೀವು ಮಾತ್ರ ದೂರ ಇರಿ!"

ಒಂದು ವಿಷಯ ಮಾತ್ರ ಬಗೆಹರಿದಿಲ್ಲ. ಆ ಬೆಳಗ್ಗೆ ಅಕ್ಕ ಬರುವ ಮುಂಚೆಯೇ ನಾನು ಒಮ್ಮೆ ಪ್ರಯತ್ನಿಸಿದ್ದೆ. ಅವಳ ಕಂಪ್ಯೂಟರ್ ಆಫ್ ಆಗಿತ್ತು. ಆಗಲೂ ಪೆಟ್ಟಿಗೆ ನನಗೆ ಉತ್ತರ ಕೊಟ್ಟಿರಲಿಲ್ಲ. ಹಿಂದಿನ ದಿನ ಅವಳ ಕಂಪ್ಯೂಟರಿನ ಜೊತೆಗಿದ್ದು ಕಡಿದುಹೋದ ಸಂಪರ್ಕವನ್ನೇ ಅದು ಹಿಡಿದುಕೊಂಡಿತ್ತೋ, ಬೇರೇನೋ, ನನಗೆ ಇವತ್ತಿಗೂ ಗೊತ್ತಿಲ್ಲ.