ನಳದ ಕಟ್ಟೆಯ ಅಧ್ಯಕ್ಷ

ದೇವದುರ್ಗದಿಂದ ಮಾನ್ವಿಗೆ ಹೋಗುವ ದಾರಿಯಲ್ಲಿದ್ದ ಆ ಸಣ್ಣ ಪಟ್ಟಣಕ್ಕೆ ಪುರಸಭೆ ಬಂದಾಗ ಮೊದಲು ಅಧ್ಯಕ್ಷರಾದವರು ಒಬ್ಬ ವಕೀಲರು. ಉರ್ದುವಿನಲ್ಲಿ ಭಾಷಣ ಮಾಡಿ ಕನ್ನಡದಲ್ಲಿ ಬೈಯುತ್ತಿದ್ದರು. ಅವರ ನಂತರ ಬಂದ ಗೌಡರು ಸಭೆಗೆ ಹೋಗುತ್ತಿರಲಿಲ್ಲ, ಸಭೆಯನ್ನೇ ತಮ್ಮ ಪಡಸಾಲೆಗೆ ಕರೆಸಿಕೊಳ್ಳುತ್ತಿದ್ದರು. ಎಪ್ಪತ್ತರ ದಶಕದ ಶುರುವಿಗೆ ಅಕ್ಕಿ ಗಿರಣಿಯ ವಿರೂಪಣ್ಣ ಆ ಕುರ್ಚಿಗೆ ಬಂದ. ಬೀದಿಗೆ ದೀಪ ಹಾಕಿಸಿದ, ಸಂತೆಗೆ ಕಟ್ಟೆ ಕಟ್ಟಿಸಿದ. ನಡುವೆ ಕೆಲವು ವರ್ಷ ಸರಕಾರದ ಆಡಳಿತಾಧಿಕಾರಿ ಬಂದು ಕೂತರೂ, ಮತ್ತೆ ಚುನಾವಣೆಯಾದರೆ ಕುರ್ಚಿ ತನ್ನದೇ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಎಂಬತ್ಮೂರರಲ್ಲಿ ಚುನಾವಣೆ ಬಂತು. ಕುರುಬರ ಓಣಿಯಿಂದ ಹನುಮಂತ್ರಾಯನನ್ನು ನಿಲ್ಲಿಸಿದವನು ವಿರೂಪಣ್ಣನೇ. ಹನುಮಂತ್ರಾಯನ ತಾಯಿ ಕರೆಮ್ಮ ಅವನ ಗಿರಣಿಯಲ್ಲಿ ನುಚ್ಚು ಕೇರುತ್ತಿದ್ದವಳು. ಮಗ ರಾಯಚೂರಿನ ಹಾಸ್ಟೆಲಿನಲ್ಲಿದ್ದು ಮೆಟ್ರಿಕ್ ಮುಗಿಸಿ ಬಂದು ಕುರಿ ವ್ಯಾಪಾರ ಮಾಡಿಕೊಂಡಿದ್ದ. ಸಭೆಯಲ್ಲಿ ತನ್ನ ಪರ ಎತ್ತಲು ಒಂದು ಕೈ ಹೆಚ್ಚಾದೀತು ಎಂಬುದು ವಿರೂಪಣ್ಣನ ಲೆಕ್ಕ. ಆದರೆ ಅಧ್ಯಕ್ಷರನ್ನು ಆರಿಸುವ ದಿನ ಹೆಚ್ಚಿನ ಕೈಗಳು ಎದ್ದದ್ದು ಹನುಮಂತ್ರಾಯನ ಹೆಸರಿಗೆ. ಅವನು ಗಾಬರಿಯಾಗಿ ಬಂದು ವಿರೂಪಣ್ಣನ ಕಾಲು ಮುಟ್ಟಿದ.

"ಯಣ್ಣಾ, ನಾ ಯಾರನ್ನೂ ಕೇಳಿದ್ದಿಲ್ಲ. ಅವರಾಗೇ ಅಂದ್ರು."

"ಚಲೋ ಆತು ಬಿಡು," ಎಂದ ವಿರೂಪಣ್ಣ. ನಕ್ಕು ನಕ್ಕು ಅವತ್ತು ಅವನ ದವಡೆ ನೋವಾಯಿತು.

ಹನುಮಂತ್ರಾಯ ಕಚೇರಿಯಲ್ಲಿ ಕೂರುತ್ತಿದ್ದುದೇ ಕಡಿಮೆ. ಬೆಳಿಗ್ಗೆ ಎದ್ದವನೇ ಟವಲು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದ. ಒಂದು ದಿನ ವಿರೂಪಣ್ಣ ಊಟಕ್ಕೆ ಕೂತಾಗ ಹೆಂಡತಿ ಬಸವಂತಮ್ಮ ರೊಟ್ಟಿ ನೀಡುತ್ತ ಹೇಳಿದಳು:

"ಇವತ್ತು ಹನುಮಂತ್ರಾಯ ಬಂದಿದ್ದ. ಯವ್ವಾ, ನಳದ ನೀರು ಎಷ್ಟೊತ್ತಿಗೆ ಬಿಟ್ರ ನಿಮಗ ಅನುಕೂಲ ಆಗ್ತದ ಅಂತ ಕೇಳಿದ."

"ಅದನ್ನೇನು ಕೇಳೂದು?"

"ನೀವು ಒಮ್ಮೆನೂ ಕೇಳಲಿಲ್ಲಲ್ರಿ."

ಅವಳು ಚುಚ್ಚಲು ಹೇಳಿದ ಮಾತಲ್ಲ. ಆದರೆ ವಿರೂಪಣ್ಣ ರೊಟ್ಟಿ ಅರ್ಧಕ್ಕೇ ಬಿಟ್ಟು ಕೈ ತೊಳೆದ. ಕುರ್ಚಿ ಹೋದದ್ದನ್ನು ಹೇಗೋ ನುಂಗಿಕೊಂಡಿದ್ದ. ತನ್ನ ಮನೆಯ ಅಡುಗೆಮನೆಯಲ್ಲಿ ಆ ಹೆಸರು ಅಷ್ಟು ಅಕ್ಕರೆಯಿಂದ ಬಂದದ್ದನ್ನು ನುಂಗಲಾಗಲಿಲ್ಲ. ಅಂದಿನಿಂದ ಹನುಮಂತ್ರಾಯ ಉಟ್ಟ ಬಿಳಿ ಧೋತರ, ಮಾತಿನ ನಡುವೆ ಅವನು ತಲೆ ಕೆರೆದುಕೊಳ್ಳುವ ರೀತಿ, ಎಲ್ಲವೂ ಕಣ್ಣಿಗೆ ಹೊಗೆಯಂತೆ ಹೊಕ್ಕವು.

ತಮ್ಮವರಿಗೆ ಗುತ್ತಿಗೆ ಸಿಗಲಿಲ್ಲವೆಂದು ಮುನಿದಿದ್ದ ಸದಸ್ಯರನ್ನು ವಿರೂಪಣ್ಣ ಒಬ್ಬೊಬ್ಬರನ್ನಾಗಿ ಗಿರಣಿಗೆ ಕರೆಸಿದ. ಜೀಪಿನಲ್ಲಿ ರಾಯಚೂರಿಗೆ ಒಯ್ದು ಲಾಡ್ಜಿನಲ್ಲಿಟ್ಟ. ಅವಿಶ್ವಾಸ ಗೊತ್ತುವಳಿಯ ದಿನವೇ ಅವರನ್ನು ಊರಿಗೆ ತಂದಿಳಿಸಿದ. ಹನುಮಂತ್ರಾಯ ಸೋತ. ಎದ್ದು ಕೈಮುಗಿದು, ಕುರ್ಚಿಯ ಮೇಲಿದ್ದ ತನ್ನ ಟವಲು ತೆಗೆದುಕೊಂಡು ಹೊರಟುಹೋದ. ಮುಂದಿನ ವಾರವೇ ವಿರೂಪಣ್ಣ ಅಧ್ಯಕ್ಷನಾದ.

ಆ ಬೇಸಿಗೆಯಲ್ಲಿ ಕಾಗೆ ಬಾವಿ ಓಣಿಯ ನಳದ ಹತ್ತಿರ ಜಗಳ ಹತ್ತಿತು. ಮೇಲಿನ ಓಣಿಯವರು ಕೊಡ ಸಾಲು ಹಚ್ಚಿ ಕೆಳಗಿನವರಿಗೆ ಹನಿ ಬಿಡುತ್ತಿಲ್ಲವೆಂದು ಸುದ್ದಿ. ವಿರೂಪಣ್ಣ ಜೀಪಿನಲ್ಲಿ ಬಂದಿಳಿದು, "ಎಲ್ಲಾರೂ ಸುಮ್ನಾಗ್ರಿ!" ಎಂದು ಗುಡುಗಿದ. ಬಳೆ ಮಾರುವ ಬಡೇಬೀ ಕೊಡ ಕಂಕುಳಲ್ಲಿಟ್ಟುಕೊಂಡೇ ಎದುರು ನಿಂತಳು.

"ನಿಮ್ಮ ಜೋಡಿ ಏನು ಮಾತಾಡೂದ್ರಿ ಸಾಹುಕಾರ್ರ? ಹನುಮಂತ್ರಾಯಪ್ಪನ್ನ ಕರೀರಿ."

ಯಾರೋ ಓಡಿಹೋಗಿ ಕರೆತಂದರು. ಹನುಮಂತ್ರಾಯ ಕುರಿಹಟ್ಟಿಯಿಂದ ನೇರವಾಗಿ ಬಂದಿದ್ದ, ಅಂಗಿಗೆ ಉಣ್ಣೆ ಅಂಟಿತ್ತು. ಹೆಂಗಸರು ಸುತ್ತುಗಟ್ಟಿದರು. ಈಗ ಇವನು ತನ್ನ ಮಾನ ಕಳೆಯುತ್ತಾನೆ ಎಂದುಕೊಂಡ ವಿರೂಪಣ್ಣ. ಕಳೆದರೆ ಒಳ್ಳೆಯದೇ, ಆಮೇಲೆ ಅವನನ್ನು ನಿಶ್ಚಿಂತೆಯಿಂದ ದ್ವೇಷಿಸಬಹುದು.

"ಅಧ್ಯಕ್ಷರು ಇಲ್ಲೇ ನಿಂತಾರ, ನನ್ನ್ಯಾಕ ಕರಿಸಿದ್ರಿ?" ಎಂದ ಹನುಮಂತ್ರಾಯ. ಆಮೇಲೆ ವಿರೂಪಣ್ಣನ ಕಡೆ ತಿರುಗಿ, "ಯಣ್ಣಾ, ಕೆಳಗಿನ ಓಣಿಗೆ ಮುಂಜಾನೆ, ಮೇಲಿನವರಿಗೆ ಸಂಜಿಕಡೆ ಬಿಡಸ್ರಿ. ನೀವು ಹೇಳಿದ್ರ ಕೇಳ್ತಾರ," ಎಂದ.

ವಿರೂಪಣ್ಣ ಅದನ್ನೇ ಹೇಳಿದ. ಎಲ್ಲರೂ ಕೇಳಿದರು. ಮನೆಗೆ ಬಂದು ಜಗಲಿಯ ಮೇಲೆ ಕೂತವನ ಮುಖ ಕಂಡು ಬಸವಂತಮ್ಮ ಏನಾಯಿತೆಂದಳು.

"ಮಂದಿ ಮುಂದ ನನಗ ಅಧ್ಯಕ್ಷರು ಅಂದ ಅವ."

"ಮತ್ತೇನು ಅನ್ನಬೇಕಿತ್ರಿ?"

ವಿರೂಪಣ್ಣ ಎದ್ದು ಒಳಗೆ ಹೋದ. ಮರುದಿನ ಬೆಳಿಗ್ಗೆ ಜೀಪು ಬಿಟ್ಟು, ನಡೆದುಕೊಂಡೇ ಕೆಳಗಿನ ಓಣಿಗೆ ಹೋದ. ಹನುಮಂತ್ರಾಯ ಹೋಗುತ್ತಿದ್ದರೆ ನಾನೂ ಹೋಗಬಲ್ಲೆ ಎಂಬ ಉರಿಯೊಂದೇ ಅವನನ್ನು ಹೊರಡಿಸಿದ್ದು. ಮೊದಮೊದಲು ಏನು ಕೇಳಬೇಕೆಂದೇ ತೋಚದೆ, "ಆರಾಮ ಅದೀರಿ?" ಎಂದು ಮುಂದೆ ಸಾಗುತ್ತಿದ್ದ. ಬರಬರುತ್ತ ಯಾವ ಗಟಾರ ಕಟ್ಟಿದೆ, ಯಾವ ಕಂಬದ ದೀಪ ಹತ್ತುವುದಿಲ್ಲ ಎಂಬುದೆಲ್ಲ ಬಾಯಿಪಾಠವಾಯಿತು. ಹನುಮಂತ್ರಾಯ ಎರಡು ಓಣಿಗೆ ನಳ ಹಾಕಿಸಿದ್ದರೆ ವಿರೂಪಣ್ಣ ನಾಲ್ಕಕ್ಕೆ ಹಾಕಿಸಿದ. ಬಡೇಬೀ ಕೂಡ ಒಮ್ಮೆ ಕರೆದು ಚಹಾ ಕೊಟ್ಟಳು. ಲೋಟ ಹಿಡಿದುಕೊಂಡು ಅವನು ಕೇಳಿದ್ದು ಒಂದೇ ಮಾತು:

"ಹನುಮಂತ್ರಾಯನೂ ಇಲ್ಲಿ ಚಹಾ ಕುಡೀತಿದ್ದನಾ?"

"ಹೂಂನ್ರಿ, ದಿನಾ."

ಚಹಾ ಕಹಿಯಾಯಿತು.

ಮುಂದಿನ ಚುನಾವಣೆಯಲ್ಲಿ ಇಬ್ಬರೂ ಗೆದ್ದು ಬಂದರು. ಅಧ್ಯಕ್ಷರ ಆಯ್ಕೆಗೆ ಸಭೆ ಸೇರಿದಾಗ ಹಿರಿಯ ಸದಸ್ಯ ಮಹಮ್ಮದ್ ಹುಸೇನ್ ಹನುಮಂತ್ರಾಯನ ಹೆಸರು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹನುಮಂತ್ರಾಯನೇ ಎದ್ದ.

"ವಿರೂಪಣ್ಣಾರು ಊರು ಚಲೋ ನೋಡ್ಕೊಂಡಾರ. ಅವರೇ ಇರಲಿ."

ಕೈಗಳೆಲ್ಲ ಎದ್ದವು, ಚಪ್ಪಾಳೆ ಬಿತ್ತು. ವಿರೂಪಣ್ಣ ಎದ್ದು ನಿಂತು ಕೈಮುಗಿದ. ಹಾರ ಕೊರಳಿಗೆ ಬೀಳುವಾಗ ಅವನು ಚಪ್ಪಾಳೆ ಹೊಡೆಯುತ್ತಿದ್ದವರ ಕಣ್ಣುಗಳನ್ನು ನೋಡಿದ. ಅರ್ಧಕ್ಕರ್ಧ ಮಂದಿ ಹನುಮಂತ್ರಾಯನ ಕಡೆಗೇ ನೋಡುತ್ತಿದ್ದರು.