ಬಸ್ಸು ಹತ್ತಿಸಿ ಬರುವವರು

ನಮ್ಮ ಯಜಮಾನರು ಅಶ್ವತ್ಥಪ್ಪನವರಿಗೆ ಒಂದು ಚಾಳಿ. ಮನೆಗೆ ಯಾರೇ ಬರಲಿ, ಅವರನ್ನು ಬಸ್ಸು ಹತ್ತಿಸಿ, ಆ ಬಸ್ಸು ಕಣ್ಮರೆಯಾಗುವವರೆಗೆ ನಿಂತಿದ್ದು, ಆಮೇಲೇ ಮನೆಗೆ ಬರಬೇಕು. ಬೀಗರಿಗಾದರೆ ಸರಿ, ಸಿಮ್ ಕಾರ್ಡ್ ಮಾರಲು ಬಂದವನಿಗೂ ಇದೇ ಮರ್ಯಾದೆ ಮಾಡಿದ ಮಹಾನುಭಾವರು. ಕಿಡ್ನಿ ಕೈಕೊಟ್ಟ ಮೇಲಾದರೂ ಬಿಡುತ್ತಾರೆ ಅಂದುಕೊಂಡಿದ್ದೆ. ಬಿಡಲಿಲ್ಲ.

ಬೈರಕೂರು ಹೋಬಳಿಯ ನಮ್ಮೂರಿನ ಹೊಲಗಳ ಪಕ್ಕದಲ್ಲೇ ಹೈವೇ ಹೋಗುತ್ತದೆ. ಪಕ್ಕದಲ್ಲಿ ಹೋಗುತ್ತದೆ, ಅಷ್ಟೇ. ಅದನ್ನು ಹತ್ತಬೇಕಾದರೆ ಮುಳಬಾಗಿಲಿನವರೆಗೆ ಸುತ್ತಬೇಕು. ಹೀಗಾಗಿ ಯಾರೋ ಪುಣ್ಯಾತ್ಮರು ಅಂಚಿನ ಕಬ್ಬಿಣದ ಬೇಲಿಯ ಒಂದು ತಗಡು ಬಿಚ್ಚಿದರು. ನಮ್ಮ ಯಜಮಾನರು ಅಲ್ಲಿಗೆ ಕಲ್ಲು ಜೋಡಿಸಿ ಮೆಟ್ಟಿಲು ಮಾಡಿದರು. ಅದೇ ನಮ್ಮೂರ ಸಂದಿ. ಆಚೆ ಬದಿಯಲ್ಲೂ ಅಂಥದೇ ಒಂದಿದೆ, ಅಲ್ಲಿಂದ ರಸ್ತೆಯ ಕೆಳಗಿನ ಮಳೆನೀರಿನ ಮೋರಿಯಲ್ಲಿ ನುಸುಳಿ ಬರಬಹುದು. ಪಲಮನೇರಿನಿಂದ ಕೋಲಾರಕ್ಕೆ ಹೋಗಿ ಬರುವ ಒಂದು ಬಸ್ಸು ನಮಗಾಗಿ ಅಲ್ಲಿ ನಿಲ್ಲುತ್ತಿತ್ತು. ವಾರಕ್ಕೆ ಎರಡು ಸಲ ಯಜಮಾನರು ಕೋಲಾರದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಿ ಬರುತ್ತಿದ್ದದ್ದು ಅದರಲ್ಲೇ. ರಕ್ತ ತೊಳೆಸಿಕೊಂಡು ಬಂದ ದಿನ ಅವರಿಗೆ ನಿಲ್ಲಲೂ ತ್ರಾಣ ಇರುವುದಿಲ್ಲ. ಸಂದಿಯಲ್ಲಿ ಇಳಿದರೆ ಮನೆ ಕಣ್ಣೆದುರಿಗೇ.

ನಮ್ಮೂರ ಹತ್ತಿರ ಹೈವೇಗೆ ಹತ್ತಿ ಇಳಿಯಲು ಒಂದು ಎಕ್ಸಿಟ್ ಕೊಡಿ ಅಂತ ಕೇಳಿ ಕೇಳಿ ಸಾಕಾಗಿ ಎಲ್ಲರೂ ಮರೆತಿದ್ದೆವು. ಹೋದ ವರ್ಷ, ಅದನ್ನು ಕಟ್ಟುವುದು ಯೋಗ್ಯವೋ ಅಲ್ಲವೋ ನೋಡಿ ವರದಿ ಬರೆಯಲು ಒಬ್ಬ ಇಂಜಿನಿಯರ್ ಬರುತ್ತಾರೆ ಅಂತ ಸುದ್ದಿ ಬಂತು. ಟೊಮೆಟೊ ಬೆಳೆಯುವ ಸುಬ್ಬರಾಯಪ್ಪ ಹಿಂದಿನ ದಿನವೇ ಊರವರನ್ನು ಸೇರಿಸಿದ.

“ಸಂದಿ ವಿಷ್ಯ ಯಾರೂ ಬಾಯ್ಬಿಡಬೇಡಿ. ದಾರಿ ಐತಲ್ಲ, ಇನ್ನೇನಕ್ಕೆ ಎಕ್ಸಿಟ್ಟು ಅಂದ್ಬಿಡ್ತಾರೆ” ಎಂದ.

ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ನಾನು. ನನ್ನ ಚಿಂತೆ ಬೇರೆ. ಗೊತ್ತಾದರೆ ಸಂದಿಯನ್ನು ಮುಚ್ಚುತ್ತಾರೆ. ಎಕ್ಸಿಟ್ ಯಾವ ಕಾಲಕ್ಕಾದರೂ ಆಗಲಿ, ಬಿಡಲಿ, ನನಗೆ ಸಂದಿ ಬೇಕಿತ್ತು.

ಬಂದವಳು ಮೇಘನ ಅಂತ, ಎಳೆ ವಯಸ್ಸಿನ ಹುಡುಗಿ. ಜೀಪು ಅವಳನ್ನು ಇಳಿಸಿ ಶ್ರೀನಿವಾಸಪುರದ ಕಡೆ ಹೋಯಿತು. ಅವಳು ಬಿಸಿಲಲ್ಲಿ ಮನೆಮನೆಗೂ ನಡೆದು, ಈಗ ಹೈವೇಗೆ ಹೇಗೆ ಹೋಗುತ್ತೀರಿ ಎಂದು ಕೇಳಿದಳು. “ಹೋಗೋದೇ ಇಲ್ಲಮ್ಮ” ಎಂದು ಊರಿಗೆ ಊರೇ ಪಾಠ ಒಪ್ಪಿಸಿತು. ಕೊನೆಗೆ ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ನಿಟ್ಟುಸಿರು ಬಿಟ್ಟಳು.

“ಬೇಜಾರ್ ಮಾಡ್ಕೋಬೇಡಿ ಅಮ್ಮ. ಈ ಊರಿಂದ ಹೈವೇಗೆ ಹೋಗೋರೇ ಇಲ್ಲ ಅಂದ್ರೆ, ಕಟ್ಟೋದು ದಂಡ ಅಂತಾನೇ ನಾನು ಬರೀಬೇಕಾಗುತ್ತೆ.”

ಸುಬ್ಬರಾಯಪ್ಪನ ಬುದ್ಧಿವಂತಿಕೆ ಹೀಗೆ ತಿರುಗಿಬಿದ್ದಿತ್ತು. ಹೇಳಿಬಿಡಲೇ ಅಂತ ಒಂದು ಗಳಿಗೆ ಅನ್ನಿಸಿತು. ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದೆ.

ಅಷ್ಟರಲ್ಲಿ ಅವಳಿಗೆ ಫೋನು ಬಂತು. ಜೀಪು ಶ್ರೀನಿವಾಸಪುರದಲ್ಲಿ ಕೆಟ್ಟು ನಿಂತಿದೆಯಂತೆ. ಸಂಜೆಯೊಳಗೆ ಅವಳು ಕೋಲಾರದಲ್ಲಿರಬೇಕು. ನಮ್ಮವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು.

“ಬಸ್ ಬರೋ ಹೊತ್ತಾಯ್ತು, ಬಾಮ್ಮ. ನಮ್ ಸಂದೀಲಿ ಹತ್ತಿಸ್ತೀನಿ.”

“ಏನ್ರೀ!” ಅಂದೆ. ಸುಡುವ ಹಾಗೆ ನೋಡಿದೆ.

“ಮನೆಗ್ ಬಂದೋರನ್ನ ಹಂಗೇ ಕಳ್ಸಕಾಗುತ್ತೇನೇ?” ಅಂದರು. ಅವರಿಗೆ ಗುಟ್ಟು ಮರೆತಿರಲಿಲ್ಲ. ಅತಿಥಿಯ ಮುಂದೆ ಅದು ದೊಡ್ಡದಾಗಿ ಕಾಣಲಿಲ್ಲ, ಅಷ್ಟೇ. ನಾನೂ ಗೊಣಗಿಕೊಂಡು ಹಿಂದೆ ಹೋದೆ.

ಮೇಘನ ಆ ಮೆಟ್ಟಿಲುಗಳನ್ನು ನೋಡಿ ನಿಂತಳು. ಓಡಾಡಿ ಓಡಾಡಿ ಕಲ್ಲು ನುಣುಪಾಗಿತ್ತು. ಮೇಲೆ ಹತ್ತಿ ಬೇಲಿ ದಾಟುವಾಗ ಅವಳ ವೇಲು ತಗಡಿನ ಅಂಚಿಗೆ ಸಿಕ್ಕಿಕೊಂಡಿತು. ಎಳೆದುಕೊಂಡ ರಭಸಕ್ಕೆ ರಸ್ತೆಯ ಕಡೆ ಮುಗ್ಗರಿಸಿದಳು. ಹಿಂದಿನಿಂದ ಒಂದು ಕಂಟೈನರ್ ಲಾರಿ ಹಾರ್ನು ಹೊಡೆಯುತ್ತಾ ಬರುತ್ತಿತ್ತು. ಯಜಮಾನರು ಡಯಾಲಿಸಿಸ್ ಸೂಜಿ ಚುಚ್ಚುವ, ಪಟ್ಟಿ ಕಟ್ಟಿದ್ದ ಕೈಯಲ್ಲೇ ಅವಳ ತೋಳು ಹಿಡಿದು ಎಳೆದರು. ಇಬ್ಬರೂ ಕಲ್ಲಿನ ಮೇಲೆ ಕೂತುಬಿಟ್ಟರು. ಲಾರಿ ಹೋಯಿತು. ವೇಲು ಹರಿದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ನಮ್ಮವರ ಮುಖ ಮಾತ್ರ ಬಿಳಿಚಿಕೊಂಡಿತ್ತು.

ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲೇ ನಕ್ಕ. “ಏಮಣ್ಣಾ, ಇವತ್ತೇ ಬಂದ್ಬಿಟ್ಟೆ? ಆಸ್ಪತ್ರೆಗೆ ನಾಳೆ ತಾನೇ ನೀನು ಬರೋದು?”

ಮೇಘನ ಯಜಮಾನರ ತೋಳಿನ ಪಟ್ಟಿ ನೋಡಿದಳು, ಮೆಟ್ಟಿಲು ನೋಡಿದಳು, ನನ್ನನ್ನು ನೋಡಿದಳು. ಕಂಡಕ್ಟರಿಗೆ ಒಂದು ನಿಮಿಷ ಎಂದು ಕೈ ತೋರಿಸಿದಳು.

“ಅಪ್ಪಾಜಿ, ಇದನ್ನ ಬರೆದ್ರೆ ಎಕ್ಸಿಟ್ ಆಗ್ಬಹುದು. ಆದ್ರೆ ಕಟ್ಟೋಕೆ ವರ್ಷಗಟ್ಟಲೆ ಹಿಡಿಯುತ್ತೆ. ಈ ಸಂದಿ ಮಾತ್ರ ಬೇಗ ಮುಚ್ಚಿಬಿಡ್ತಾರೆ. ಬರೀದಿದ್ರೆ ಇದು ಹೀಗೇ ಇರುತ್ತೆ. ಏನ್ ಮಾಡ್ಲಿ, ನೀವೇ ಹೇಳಿ.”

“ಬರೀಬೇಡಮ್ಮ” ಅಂದೆ ನಾನು. ಹಾಗೆ ಹೇಳಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಗಂಡ ಉಳಿಯುವುದು ಮುಖ್ಯ.

ಅವರು ಹರಿದ ವೇಲನ್ನೇ ನೋಡುತ್ತಿದ್ದರು. “ಬರಿಯಮ್ಮ. ಇಷ್ಟ್ ದಿನ ಎಲ್ರನ್ನೂ ಕರ್ಕೊಂಡ್ ಬಂದು ಇಲ್ಲೇ ನಿಲ್ಲಿಸ್ತಿದ್ನಲ್ಲ ನಾನು. ಬರಿ” ಅಂದರು.

ಬಸ್ಸು ಕಣ್ಮರೆಯಾಗುವವರೆಗೆ ನಿಂತಿದ್ದರು. ನಾನು ನಿಲ್ಲಲಿಲ್ಲ. ರಾತ್ರಿ ಮುದ್ದೆ ಬಡಿಸುವಾಗ, “ಈಗ ನಿಮ್ ಗತಿ ಏನು?” ಅಂತ ಕೇಳಿದೆ. “ಸುತ್ಕೊಂಡ್ ಹೋಗೋದು” ಅಂದರು, ಪಕ್ಕದ ಬೀದಿಗೆ ಹೋಗಿ ಬರುವವರ ಹಾಗೆ.

ಕೆಲವೇ ದಿನಗಳಲ್ಲಿ ಕೆಲಸದವರು ಬಂದು ಎರಡೂ ಬದಿಗೆ ಹೊಸ ತಗಡು ಬಿಗಿದರು. ಬೇಲಿಯ ಮೇಲಿಂದ ಅವರಿಗೆ ಮಜ್ಜಿಗೆ ಕೊಟ್ಟು ಬಂದದ್ದು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಎಕ್ಸಿಟ್ ಕಟ್ಟಬಹುದು ಎಂದು ಮೇಲೆ ತೀರ್ಮಾನವಾಗಿದೆಯಂತೆ. ಸುಬ್ಬರಾಯಪ್ಪನ ಹೊಲದ ಅಂಚಿನಲ್ಲಿ ಗುರುತಿನ ಕಲ್ಲು ನೆಟ್ಟಿದ್ದಾರೆ. ಆ ಎಕ್ಸಿಟ್‌ನಲ್ಲಿ ಯಜಮಾನರು ಓಡಾಡುವ ಯೋಗ ಇದೆಯೋ ಇಲ್ಲವೋ.

ಸಂದಿ ಮುಚ್ಚಿದ ಮೇಲಿನ ಮೊದಲ ಡಯಾಲಿಸಿಸ್ ದಿನ. ಬೈರಕೂರಿನವರೆಗೆ ನಡೆದು ಆಟೋ ಹಿಡಿಯುವುದು ಅಂತ ಬೆಳಗ್ಗೆ ಬೇಗ ಹೊರಟೆವು. ಬಾಗಿಲು ತೆಗೆದರೆ ಸುಬ್ಬರಾಯಪ್ಪನ ಟೊಮೆಟೊ ಗಾಡಿ ನಿಂತಿದೆ. ನಾವು ಅವನಿಗೆ ಏನೂ ಹೇಳಿರಲಿಲ್ಲ.

“ಹತ್ತಣ್ಣ” ಎಂದ.

ಮುಳಬಾಗಿಲ ಬಸ್ ಸ್ಟಾಂಡಿನಲ್ಲಿ ನಮಗೆ ಸೀಟು ಹಿಡಿದುಕೊಟ್ಟು ಕೆಳಗಿಳಿದವನು ಹೋಗಲೇ ಇಲ್ಲ. ಕಿಟಕಿಯ ಹತ್ತಿರ ನಿಂತುಕೊಂಡ.

“ಹೋಗೋ, ತೋಟದಾಗ್ ಕೆಲ್ಸ ಇಲ್ವಾ ನಿಂಗೆ?” ಎಂದರು ಯಜಮಾನರು.

“ಬಸ್ ಹೊರಡ್ಲಿ ಬಿಡಣ್ಣ.”

ಬಸ್ಸು ಹೊರಟಿತು. ಹಾಗೆ ಕಳಿಸಿಕೊಡುವುದು ಗೊತ್ತಿತ್ತೇ ಹೊರತು, ಇನ್ನೊಬ್ಬರಿಂದ ಕಳಿಸಿಕೊಳ್ಳುವುದು ನಮ್ಮವರಿಗೆ ಗೊತ್ತಿರಲಿಲ್ಲ. ಯಾವ ಕಡೆ ನೋಡಬೇಕೋ ತಿಳಿಯದೆ ಮುಂದಿನ ಸೀಟನ್ನೇ ನೋಡುತ್ತಾ ಕೂತರು. ಕಣ್ಣು ತುಂಬಿತ್ತು.

“ಇನ್ನೂ ನಿಂತವ್ನೇನೇ?” ಅಂದರು.

ಬಸ್ಸು ಆಗಲೇ ತಿರುವು ದಾಟಿತ್ತು. ಹಿಂದೆ ಏನೂ ಕಾಣುತ್ತಿರಲಿಲ್ಲ.

“ಹೂಂ, ನಿಂತವ್ನೆ” ಅಂದೆ.