ಟೈಪ್ ಮಾಡದೆ ಬಿಟ್ಟ ಸಾಲುಗಳು

ನಮ್ಮ ವಿಭಾಗದಲ್ಲಿ ವಿದ್ಯಾರ್ಥಿಗಳು ಮೇಷ್ಟ್ರುಗಳ ಬಗ್ಗೆ ಏನೇ ಬರೆದರೂ ಅದು ಮೊದಲು ನನ್ನ ಕಣ್ಣಿಗೆ ಬೀಳಬೇಕಿತ್ತು. ನಾನೇನು ದೊಡ್ಡ ಅಧಿಕಾರಿಯಲ್ಲ, ವಿಶ್ವವಿದ್ಯಾಲಯದಲ್ಲಿ ಹಣಕಾಸು ಶಾಸ್ತ್ರ ಕಲಿಸುವ ವಿಭಾಗದ ಟೈಪಿಸ್ಟ್. ವರ್ಷದ ಕೊನೆಯಲ್ಲಿ ಮೇಷ್ಟ್ರನ್ನು ಹೊರಗೆ ಕಳಿಸಿ ಮಕ್ಕಳಿಗೆ ಒಂದೊಂದು ಹಾಳೆ ಕೊಡುತ್ತಿದ್ದೆವು. ಹೆಸರು ಹಾಕುವಂತಿಲ್ಲ, ಮನಸ್ಸಿನಲ್ಲಿದ್ದದ್ದನ್ನು ಬರೆಯಬೇಕು. ಆದರೆ ವರ್ಷವಿಡೀ ಉತ್ತರಪತ್ರಿಕೆ ತಿದ್ದುವವರಿಗೆ ಯಾವ ಅಕ್ಷರ ಯಾರದು ಅಂತ ಗೊತ್ತಾಗದೆ ಇರುತ್ತದೆಯೇ? ಅದಕ್ಕೇ ಹಾಳೆಗಳನ್ನೆಲ್ಲ ನಾನು ಟೈಪ್ ಮಾಡಿ, ಟೈಪಾದ ಪ್ರತಿಯನ್ನು ಮಾತ್ರ ಮೇಷ್ಟ್ರಿಗೂ ವಿಭಾಗದ ಮುಖ್ಯಸ್ಥರಿಗೂ ಕೊಡಬೇಕಿತ್ತು. ಮೂಲ ಹಾಳೆಗಳು ಬೀರುವಿಗೆ ಹೋಗುತ್ತಿದ್ದವು, ಬೀರುವಿನ ಕೀಲಿ ನನ್ನ ಬಳಿ ಇರುತ್ತಿತ್ತು. ಹನ್ನೊಂದು ವರ್ಷದಲ್ಲಿ ಆ ಬೀರುವನ್ನು ತೆಗೆಯಿರಿ ಅಂತ ಯಾರೂ ಕೇಳಲಿಲ್ಲ.

ನಮ್ಮಲ್ಲಿ ಒಬ್ಬ ಮೇಷ್ಟ್ರಿದ್ದರು. ಮಕ್ಕಳು ಅವರಿಗೆ ಇಟ್ಟ ಹೆಸರು ‘ಅರ್ಧ ಅಂಕ’. ಲೆಕ್ಕ ಸರಿ ಇದ್ದು ಒಂದು ಹಂತ ಬಿಟ್ಟರೆ ಅರ್ಧ ಅಂಕ ಹೋಯಿತು. ಉತ್ತರದ ಕೆಳಗೆ ಗೆರೆ ಎಳೆಯದಿದ್ದರೆ ಇನ್ನರ್ಧ. ತರಗತಿಗೆ ಎರಡು ನಿಮಿಷ ತಡವಾದವರು ಇಡೀ ಗಂಟೆ ಬಾಗಿಲ ಬಳಿ ನಿಂತೇ ಬರೆದುಕೊಳ್ಳಬೇಕು. ಹಾಗಂತ ಕೆಟ್ಟವರಲ್ಲ. ಕೆಲಸಗಳ್ಳರಂತೂ ಅಲ್ಲವೇ ಅಲ್ಲ. ಕಿರುಪರೀಕ್ಷೆ ಮುಗಿದ ನಾಲ್ಕನೆಯ ದಿನಕ್ಕೆ ಎಪ್ಪತ್ತು ಪತ್ರಿಕೆ ತಿದ್ದಿ ನನ್ನ ಮೇಜಿಗೆ ತಂದಿಡುತ್ತಿದ್ದರು. ಬೇರೆ ಮೇಷ್ಟ್ರುಗಳ ಪತ್ರಿಕೆ ಬರುವಷ್ಟರಲ್ಲಿ ಮಕ್ಕಳು ಪ್ರಶ್ನೆಯನ್ನೇ ಮರೆತಿರುತ್ತಿದ್ದರು.

ಆ ಪತ್ರಿಕೆಗಳನ್ನು ಜೋಡಿಸುವುದೂ ನನ್ನ ಕೆಲಸವೇ. ಹೆಚ್ಚು ಅಂಕ ಮೇಲೆ, ಕಡಿಮೆ ಅಂಕ ಕೆಳಗೆ. ಅವರು ತರಗತಿಯಲ್ಲಿ ಒಂದೊಂದಾಗಿ ಹೆಸರು, ಅಂಕ ಗಟ್ಟಿಯಾಗಿ ಓದುತ್ತಾರೆ. ಕರೆದವರು ಎದ್ದು ಬಂದು ತೆಗೆದುಕೊಂಡು ಹೋಗಬೇಕು. ಕೊನೆಕೊನೆಗೆ ಯಾರು ಉಳಿದಿದ್ದಾರೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ಕೊನೆಯ ಮಗು ಅಷ್ಟು ಕಣ್ಣುಗಳ ನಡುವೆ ಹಿಂದಿನ ಬೆಂಚಿನಿಂದ ಮುಂದಿನ ಮೇಜಿನವರೆಗೆ ನಡೆದು ಬರಬೇಕು.

ಅವರು ಬಂದ ಮೊದಲ ವರ್ಷದ ಹಾಳೆಗಳಲ್ಲಿ ಇದನ್ನೇ ಇಪ್ಪತ್ತು ಮಂದಿ ಬರೆದಿದ್ದರು. ಉಳಿದವರು ಇನ್ನೂ ಖಾರವಾಗಿದ್ದರು. ‘ಸರ್ ನಕ್ಕಿದ್ದನ್ನು ನೋಡಿದವರಿಗೆ ಬಹುಮಾನ ಕೊಡಬೇಕು.’ ‘ಇವರ ಪಾಠ ಚೆನ್ನಾಗಿದೆ, ಇವರೇ ಚೆನ್ನಾಗಿಲ್ಲ.’ ‘ಇವರ ತರಗತಿಯ ದಿನ ನನಗೆ ಅನ್ನ ಇಳಿಯುವುದಿಲ್ಲ.’ ನಾನು ಅದನ್ನೆಲ್ಲ ಮುಂದಿಟ್ಟುಕೊಂಡು ಕೂತಿದ್ದಾಗ ಅವರು ಬಂದು ಬಾಗಿಲಲ್ಲಿ ನಿಂತರು.

“ಸಂಜೆ ಒಳಗೆ ಆಗುತ್ತಾ?” ಅಂತ ಕೇಳಿದರು. “ಮನೇಲಿ ಓದಿ ಹೇಳಬೇಕು. ನಮ್ಮವಳು ಕಾಯ್ತಾ ಇದ್ದಾಳೆ.”

ಅವರ ಹೆಂಡತಿ ಶಾಲೆಯಲ್ಲಿ ಟೀಚರ್ ಆಗಿದ್ದವರಂತೆ. ಹಿಂದಿನ ವರ್ಷ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಕೈಕಾಲು ಆಡುತ್ತಿರಲಿಲ್ಲ. ಮಾತು ನಿಧಾನ, ಆದರೆ ಕಿವಿ, ಬುದ್ಧಿ ಎರಡೂ ಚುರುಕು. ದಿನವಿಡೀ ಗೋಡೆ ನೋಡುತ್ತ ಮಲಗಿರುವ ಆ ಹೆಂಗಸಿಗೆ ‘ಇವರೇ ಚೆನ್ನಾಗಿಲ್ಲ’ ಅಂತ ಗಂಡನ ಬಾಯಲ್ಲೇ ಓದಿಸಲೇ? ಇಪ್ಪತ್ತು ಸಾಲು ಬಿಟ್ಟೆ, ಹತ್ತನ್ನು ಮೆತ್ತಗೆ ಮಾಡಿದೆ. ‘ಅನ್ನ ಇಳಿಯುವುದಿಲ್ಲ’ ಅನ್ನುವುದು ‘ತಯಾರಾಗಿಯೇ ಬರಬೇಕಾಗುತ್ತದೆ’ ಅಂತ ಆಯಿತು.

ಮನೆಯಲ್ಲಿ ಹೇಳಿದಾಗ ನನ್ನ ಗಂಡ ನಕ್ಕರು. “ನೀನು ಟೈಪಿಸ್ಟೋ, ಅಡುಗೆಯವಳೋ? ಉಪ್ಪು ಖಾರ ನೋಡಿ ಹಾಕೋಕೆ?”

“ಒಂದು ಸಲಕ್ಕೆ ಏನಾಗುತ್ತೆ ಬಿಡಿ,” ಅಂದೆ.

ಒಂದು ಸಲ ಅಂದದ್ದು ಹನ್ನೊಂದು ಸಲವಾಯಿತು. ಒಮ್ಮೆ ಹೊಗಳಿಕೆ ಓದಿದವರಿಗೆ ಮರುವರ್ಷ ಬೈಗುಳ ಕೊಡುವುದು ಹೇಗೆ? ಅವರೂ ಬಂದು ವರದಿ ಒಪ್ಪಿಸುತ್ತಿದ್ದರು. “ನಮ್ಮವಳಿಗೆ ಖುಷಿಯಾಯ್ತು. ಮಕ್ಕಳಿಗೆ ಶಿಸ್ತು ಬೇಕು ಅಂತ ನಾನು ಹೇಳ್ತಾ ಇದ್ದೆನಲ್ಲ, ನೋಡಿ, ಅವರೇ ಬರೆದಿದ್ದಾರೆ.” ನಾನು ತಲೆ ಬಗ್ಗಿಸಿ ಸ್ಟೇಪ್ಲರ್‌ಗೆ ಪಿನ್ನು ತುಂಬುತ್ತಿದ್ದೆ.

ಆರನೆಯ ವರ್ಷ ಒಂದು ಹಾಳೆ ಬಂತು. ‘ನಾಲ್ಕು ಸಲವೂ ನನ್ನದೇ ಕೊನೆಯ ಪತ್ರಿಕೆ. ಐದನೆಯ ಸಲ ನಾನು ಇರುವುದಿಲ್ಲ.’ ಮರುವಾರವೇ ಒಬ್ಬ ಹುಡುಗಿ ವರ್ಗಾವಣೆ ಪತ್ರಕ್ಕೆ ಬಂದಳು. ಅರ್ಜಿಯ ಅಕ್ಷರ ನೋಡಿದೆ, ಅದೇ ಅಕ್ಷರ. “ಬೇರೆ ಕಾಲೇಜಿಗೆ ಸೇರ್ತೀಯಾಮ್ಮ?” ಅಂದೆ. “ಇಲ್ಲ ಅಕ್ಕ, ಓದೋದೇ ಬೇಡ ಅಂತ,” ಅಂದಳು. ಪತ್ರ ಟೈಪ್ ಮಾಡಿಕೊಟ್ಟೆ, ಮುದ್ರೆ ಒತ್ತಿದೆ. ಅವಳ ಪತ್ರಿಕೆಯನ್ನು ನಾಲ್ಕು ಸಲವೂ ಕಟ್ಟಿನ ಕೆಳಗೆ ಇಟ್ಟ ಕೈ ಇದೇ. ಆ ದಿನವಾದರೂ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ.

ಹೇಳುವ ಬದಲು ಇನ್ನೊಂದು ಘನಕಾರ್ಯ ಮಾಡಿದೆ. ಆ ವರ್ಷ ಒಳ್ಳೆಯ ಮಾತು ಎಷ್ಟು ಹುಡುಕಿದರೂ ಎರಡೇ ಸಿಕ್ಕವು. ಪ್ರತಿ ತೀರ ಬಡವಾಗಿ ಕಂಡಿತು. ಅದಕ್ಕೆ ಒಂದನ್ನು ನಾನೇ ಬರೆದು ಸೇರಿಸಿದೆ. ‘ಸರ್ ಅರ್ಧ ಅಂಕ ಕಳೆದಾಗ ಸಿಟ್ಟು ಬಂತು. ಮನೆಗೆ ಹೋಗಿ ಅದೇ ಲೆಕ್ಕವನ್ನು ಮೂರು ಸಲ ಮಾಡಿದೆ. ನನ್ನ ತಪ್ಪನ್ನು ಇಷ್ಟು ಗಮನವಿಟ್ಟು ಇದುವರೆಗೆ ಯಾರೂ ನೋಡಿರಲಿಲ್ಲ.’

ಅದು ಅವರ ಹೆಂಡತಿಗೆ ಬಹಳ ಹಿಡಿಸಿತಂತೆ. ಮತ್ತೆ ಮತ್ತೆ ಓದಿಸಿಕೊಳ್ಳುತ್ತಿದ್ದರಂತೆ. ಕೊನೆಗೆ ಆಕೆಗಾಗಿ ಆ ಸಾಲುಗಳನ್ನು ಕತ್ತರಿಸಿ ಮಂಚದ ಪಕ್ಕದ ಗೋಡೆಗೆ ತಾವೇ ಅಂಟಿಸಿದ್ದಾಗಿ ಸರ್ ಹೇಳಿದಾಗ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಳೆದ ವರ್ಷ ಆಕೆ ತೀರಿಕೊಂಡರು. ಆ ವರ್ಷವೂ ನಾನು ಹಾಗೇ ಮಾಡಿದೆ. ಈಗ ಯಾರಿಗಾಗಿ ಅಂತ ನನ್ನನ್ನೇ ಕೇಳಿಕೊಳ್ಳಲಿಲ್ಲ.

ಈ ವರ್ಷ ಪದ್ಧತಿ ಬದಲಾಯಿತು. ಹಾಳೆ ಇಲ್ಲ, ಟೈಪಿಸ್ಟ್ ಬೇಡ. ಮಕ್ಕಳು ಮೊಬೈಲಿನಲ್ಲೇ ಬರೆದರೆ ನೇರವಾಗಿ ನೇಮಕಾತಿ ಸಮಿತಿಗೆ ಹೋಗುತ್ತದೆ. ಸರ್ ಅವರದು ಮೂರು ಮೂರು ವರ್ಷಕ್ಕೆ ನವೀಕರಿಸುವ ಕೆಲಸ, ಈ ಸಲವೇ ಅವಧಿ ಮುಗಿಯುತ್ತಿತ್ತು. ಇನ್ನೊಂದು ಅವಧಿ ಸಿಕ್ಕಿದ್ದರೆ ಅಲ್ಲಿಂದಲೇ ನಿವೃತ್ತರಾಗುತ್ತಿದ್ದರು. ಸಮಿತಿಯವರು ಮಕ್ಕಳು ಬರೆದದ್ದನ್ನು ಓದಿದರು, ನವೀಕರಣ ಇಲ್ಲ ಅಂದರು.

ಅವರು ನನ್ನ ಕೋಣೆಗೆ ಬಂದದ್ದು ಊಟದ ಬಿಡುವಿನಲ್ಲಿ. ಕೈಯಲ್ಲಿ ಮಕ್ಕಳು ಬರೆದದ್ದರ ಪ್ರಿಂಟು, ಒಂಬತ್ತು ಪುಟ. ಎಂದೂ ಕೂರದವರು ಎದುರಿನ ಸ್ಟೂಲಿನ ಮೇಲೆ ಕೂತರು.

“ಹತ್ತು ಹನ್ನೊಂದು ವರ್ಷ ಒಬ್ಬರೂ ಹೀಗೆ ಬರೆದಿರಲಿಲ್ಲ,” ಅಂದರು. “ನೀವೇ ಟೈಪ್ ಮಾಡಿದವರು, ನಿಮಗೇ ಗೊತ್ತು. ಒಂದೇ ವರ್ಷದಲ್ಲಿ ಎಲ್ಲಾ ತಿರುಗಿಬಿಟ್ಟಿದೆ. ನಾನು ಯೋಚನೆ ಮಾಡಿದೆ. ಅವಳು ಹೋದ ಮೇಲೆ ನಾನೇ ಕೆಟ್ಟೆ ಅಂತ ಕಾಣುತ್ತೆ. ಗೊತ್ತಾಗಲಿಲ್ಲ ನೋಡಿ. ಅವಳಿದ್ದಾಗ ಅವಳ ದೆಸೆಯಿಂದ ಸ್ವಲ್ಪ ಮನುಷ್ಯನಾಗಿದ್ದೆನೇನೋ.”

ಅವರ ಕಣ್ಣು ಕೆಂಪಾಗಿತ್ತು. ಹೆಂಡತಿಯನ್ನು ಕಳೆದುಕೊಂಡ ದುಃಖ ಸಾಲದು ಅಂತ ಈ ಇನ್ನೊಂದು ದುಃಖವನ್ನು ನಾನು ಅವರಿಗೆ ಕೈಯಾರೆ ಕಟ್ಟಿಕೊಟ್ಟಿದ್ದೆ. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಅವರು ಅದನ್ನು ಸಾಯುವತನಕ ಹೊರುತ್ತಿದ್ದರು. ಎದ್ದು ಬೀರು ತೆಗೆದೆ.

“ನೀವು ಈ ವರ್ಷ ಬದಲಾಗಿಲ್ಲ ಸರ್. ಅವರು ಮೊದಲಿನಿಂದಲೂ ಇದನ್ನೇ ಬರೀತಿದ್ದರು. ನಾನು ಟೈಪ್ ಮಾಡಲಿಲ್ಲ.”

ಹನ್ನೊಂದು ಕಟ್ಟುಗಳನ್ನು ಮೇಜಿನ ಮೇಲೆ ಇಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು ಮೊದಲ ಕಟ್ಟು ಬಿಚ್ಚಿದರು. ಉತ್ತರಪತ್ರಿಕೆ ಓದುವ ಹಾಗೇ ಓದಿದರು, ಒಂದು ಸಾಲೂ ಬಿಡದೆ. ಹಳೆಯ ಅಕ್ಷರಗಳೂ ಅವರಿಗೆ ನೆನಪಿದ್ದವು. “ಇದು ಆ ಉದ್ದ ಜಡೆ ಹುಡುಗಿ. ಇದು ಎಡಗೈಯವನು,” ಅಂತ ತಮ್ಮಷ್ಟಕ್ಕೆ ಹೇಳಿಕೊಂಡರು. ಆರನೆಯ ಕಟ್ಟಿನ ಆ ಹಾಳೆ ಬಂದಾಗ ಕೈ ನಿಂತಿತು.

“ಈ ಮಗು ಹುಷಾರಿಲ್ಲದೆ ಬಿಟ್ಟು ಹೋಯ್ತು ಅಂದುಕೊಂಡಿದ್ದೆ.”

ನಾನು ಮುಂದಿನ ಕಟ್ಟಿನ ದಾರ ಬಿಚ್ಚಿಕೊಟ್ಟೆ.

“ಎಲ್ಲಾ ವರ್ಷವೂ ಇದೇ ಇದೆ,” ಅಂದರು ಸಂಜೆ ಕೊನೆಯ ಕಟ್ಟು ಮುಗಿಸಿ. “ಅಂಕ ಕಳೆಯೋದು ಯಾರಿಗೂ ಅಷ್ಟು ದೊಡ್ಡದಲ್ಲ. ಪತ್ರಿಕೆ ಕೊಡೋ ರೀತಿ. ನನ್ನ ಮೇಷ್ಟ್ರು ಹಾಗೆ ಕೊಡ್ತಿದ್ದರು, ನನ್ನದು ಯಾವಾಗಲೂ ಮೇಲೇ ಇರ್ತಿತ್ತು. ಕೆಳಗಿದ್ದವರಿಗೆ ಹೇಗಿರುತ್ತೆ ಅಂತ ನನಗೆ ಯಾರು ಹೇಳಬೇಕು? ಹೇಳಿದ್ದರೆ ಬಿಡ್ತಿದ್ದೆನಲ್ಲಮ್ಮ. ಅದರಲ್ಲಿ ನನಗೇನು ಕಷ್ಟ ಇತ್ತು? ಅವತ್ತೇ ಬಿಡ್ತಿದ್ದೆ.”

ಇದಕ್ಕಿಂತ ಅವರು ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಹನ್ನೊಂದು ವರ್ಷ ನಾನು ಅವರನ್ನು ಬೆಂಕಿಯಿಂದ ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಒಂದು ಮಾತಿನಲ್ಲಿ ಮುಗಿಯುವ ಕೆಲಸವಾಗಿತ್ತು ಅದು.

ಅವರು ಜೇಬಿನಿಂದ ಪರ್ಸು ತೆಗೆದು, ಅದರಿಂದ ಮಡಿಸಿದ ಒಂದು ಚೀಟಿ ತೆಗೆದರು. ಗೋಡೆಗೆ ಅಂಟಿಸಿದ್ದ ಗೋಂದಿನ ಕಲೆ ಹಿಂದುಗಡೆ ಇತ್ತು.

“ಇದು?”

ಹೇಳಬಾರದು ಅಂತಲೇ ನಿರ್ಧಾರ ಮಾಡಿದ್ದೆ. ಇದೊಂದನ್ನಾದರೂ ಅವರಿಗೆ ಉಳಿಸಬೇಕು. “ಅದು ನಿಜ ಸರ್,” ಅಂದೆ.

“ಹಾಳೆ ತೋರಿಸಿ.”

ಆರನೆಯ ಕಟ್ಟನ್ನು ಎತ್ತಿಕೊಂಡು ಹುಡುಕಿದೆ. ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ. ಇಲ್ಲದ್ದು ಎಲ್ಲಿಂದ ಸಿಗಬೇಕು? ಎರಡು ಹಾಳೆ ಜಾರಿ ಕೆಳಗೆ ಬಿದ್ದವು. ಅವರೇ ಬಗ್ಗಿ ಎತ್ತಿಕೊಟ್ಟರು.

“ಬಿಡಿ, ಸಿಗಲ್ಲ,” ಅಂದರು. “ನಮ್ಮವಳು ಮೊದಲ ದಿನವೇ ಹೇಳಿದ್ದಳು. ಇದು ಹತ್ತೊಂಬತ್ತು ವರ್ಷದ ಮಕ್ಕಳ ಮಾತಲ್ಲ ಕಣ್ರೀ, ಸಂಸಾರ ಮಾಡಿದ ಹೆಂಗಸಿನ ಮಾತು. ನಿಮ್ಮ ಆಫೀಸಿನಲ್ಲಿ ನಿಮ್ಮನ್ನ ಕಂಡು ಮರುಗೋರು ಯಾರೋ ಇದ್ದಾರೆ ಅಂತ. ನಾನು ನಂಬಲಿಲ್ಲ. ತಮಾಷೆ ಮಾಡ್ತಿದ್ದಾಳೆ ಅಂದುಕೊಂಡೆ.”

ಒಮ್ಮೆಯೂ ಕಣ್ಣಿಂದ ಕಾಣದ ಆ ಹೆಂಗಸು ನಾನು ಬರೆದದ್ದು ಅಂತ ತಿಳಿದೇ ಅದನ್ನು ಮತ್ತೆ ಮತ್ತೆ ಓದಿಸಿಕೊಂಡಿದ್ದರು.

“ಅವಳಿಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು,” ಅಂದರು. “ಇಬ್ಬರಲ್ಲಿ ಒಬ್ಬರಾದರೂ ನನಗೆ ಹೇಳಬಹುದಿತ್ತು.”

ಅವರು ಸಿಟ್ಟಿನಿಂದ ಹೇಳಲಿಲ್ಲ. ಚೀಟಿಯನ್ನು ಮಡಿಸಿ ಮತ್ತೆ ಪರ್ಸಿನಲ್ಲೇ ಇಟ್ಟುಕೊಂಡರು. ಒಂಬತ್ತು ಪುಟಗಳನ್ನೂ ತೆಗೆದುಕೊಂಡು ಹೋದರು. ಕ್ಷಮಿಸಿ ಅನ್ನುವ ಮಾತು ನನ್ನ ಬಾಯಿಗೆ ಬರುವಷ್ಟರಲ್ಲಿ ಅವರು ಕಾರಿಡಾರಿನ ತುದಿಯಲ್ಲಿದ್ದರು.

ನಾನೇನು ಸುಮ್ಮನೆ ಕೂರಲಿಲ್ಲ. ಮುಖ್ಯಸ್ಥರ ಬಳಿ ಹೋಗಿ, ತಪ್ಪು ನನ್ನದು, ಅವರಿಗೆ ತಿದ್ದಿಕೊಳ್ಳುವ ಅವಕಾಶವೇ ಸಿಗಲಿಲ್ಲ ಅಂತ ಬರೆದುಕೊಟ್ಟೆ. ಅವರು ಓದಿ, ಡ್ರಾಯರಿಗೆ ಹಾಕಿದರು. “ಆದದ್ದು ಆಗಿ ಹೋಯ್ತು. ನಿಮ್ಮ ಕೆಲಸಕ್ಕೇ ಸಂಚಕಾರ ತಂದ್ಕೋಬೇಡಿ,” ಅಂದರು. ನನ್ನ ಕೆಲಸ ಉಳಿಯಿತು.

ಪರೀಕ್ಷೆ ಮುಗಿದ ನಾಲ್ಕನೆಯ ದಿನ ಸರ್ ಬಂದರು. ಬಗಲಲ್ಲಿ ವರ್ಷದ ಕೊನೆಯ ಕಿರುಪರೀಕ್ಷೆಯ ಎಪ್ಪತ್ತು ಪತ್ರಿಕೆ, ಎಲ್ಲ ತಿದ್ದಿ ಮುಗಿಸಿದ್ದರು. ಕೆಲಸ ಕಳೆದುಕೊಂಡವರು ಅಂತ ಒಂದು ದಿನವೂ ತಡ ಮಾಡಿರಲಿಲ್ಲ. ಮೇಜಿನ ಮೇಲೆ ಇಟ್ಟು ಬಾಗಿಲ ತನಕ ಹೋದವರು ತಿರುಗಿ ನಿಂತರು.

“ಈ ಸಲ ಅಂಕದ ಪ್ರಕಾರ ಬೇಡ,” ಅಂದರು. “ರೋಲ್ ನಂಬರ್ ಪ್ರಕಾರ ಜೋಡಿಸಿ. ಪ್ರತಿಯೊಂದನ್ನೂ ಮಡಿಸಿಡಿ, ಒಳಗಿನ ಅಂಕ ಹೊರಗೆ ಕಾಣದ ಹಾಗೆ.”

“ಆಗಲಿ ಸರ್,” ಅಂದೆ.

ಎಪ್ಪತ್ತು ಪತ್ರಿಕೆಗಳನ್ನೂ ಮಡಿಸಿದೆ. ಒಂದು ಗಂಟೆ ಕೂಡ ಹಿಡಿಯಲಿಲ್ಲ.